ಸದ್ದಿಲ್ಲದ ಅಳು

ನಮ್ಮ ಪುಟ್ಟಿ ಅತ್ತರೆ ಸದ್ದು ಬರಲ್ಲ. ಮುಖ ಕೆಂಪಾಗುತ್ತೆ, ಬಾಯಿ ತೆರೆಯುತ್ತೆ, ಕಣ್ಣಲ್ಲಿ ನೀರು ಸುರಿಯುತ್ತೆ. ಮನೆ ಮಾತ್ರ ಟಿವಿ ಮ್ಯೂಟ್ ಮಾಡಿದ ಹಾಗೆ ತಣ್ಣಗಿರುತ್ತೆ.

ಅವಳು ಹುಟ್ಟಿದ್ದು 27ನೇ ವಾರಕ್ಕೆ. ವೆಂಟಿಲೇಟರಿನ ಕೊಳವೆ ವಾರಗಟ್ಟಲೆ ಗಂಟಲಲ್ಲೇ ಇದ್ದದ್ದರಿಂದ ಧ್ವನಿಪೆಟ್ಟಿಗೆಯ ಕೆಳಗೆ ಉಸಿರಿನ ದಾರಿ ಕಿರಿದಾಯಿತು. ಕೊನೆಗೆ ಡಾಕ್ಟರು ಕತ್ತಿನ ಮುಂದೆ ಸಣ್ಣ ತೂತು ಮಾಡಿ ಟ್ರಕಿಯಾಸ್ಟಮಿ ಟ್ಯೂಬ್ ಇಟ್ಟರು. ಉಸಿರು ಅಲ್ಲಿಂದಲೇ ಹೋಗಿ ಬರುತ್ತೆ, ಧ್ವನಿಪೆಟ್ಟಿಗೆಗೆ ಗಾಳಿ ತಾಗಲ್ಲ. ಅದಕ್ಕೇ ಸದ್ದಿಲ್ಲ.

ನಾನೂ ಹೆಂಡತಿಯೂ ಕಲಿತ ಮೇಲಷ್ಟೇ ಮನೆಗೆ ಕಳಿಸಿದರು. ಕಫ ಎಳೆಯುವ ಸಕ್ಷನ್ ಪೈಪು ಟ್ಯೂಬಿನ ಉದ್ದಕ್ಕಿಂತ ಆಳಕ್ಕೆ ಹೋಗಬಾರದು. ಹೊರಗೆ ತೆಗೆಯುವಾಗ ಮಾತ್ರ ಎಳೆತ ಕೊಡಬೇಕು, ಹತ್ತು ಸೆಕೆಂಡ್ ದಾಟಬಾರದು. ಅದೇ ಸೈಜಿನ ಒಂದು ಟ್ಯೂಬು, ಒಂದು ಸೈಜ್ ಚಿಕ್ಕದು, ಕತ್ತರಿ, ಕತ್ತಿನ ಪಟ್ಟಿ, ಅಂಬು ಬ್ಯಾಗು, ಕರೆಂಟ್ ಹೋದರೆ ಕೈಯಲ್ಲೇ ನಡೆಸುವ ಸಕ್ಷನ್, ಎಲ್ಲ ಒಂದು ಚೀಲದಲ್ಲಿ. ಮಗು ಟೆರೇಸಿಗೆ ಹೋದರೂ ಚೀಲ ಜೊತೆಗೆ. ಎಲ್ಲಕ್ಕೂ ಬ್ಯಾಕಪ್ ಇದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಊರಿಂದ ಅವ್ವ ಬಂದಳು. ನಮ್ಮದು ನಾಗಮಂಗಲದ ಹತ್ತಿರದ ಹಳ್ಳಿ. ಮೊದಲ ದಿನವೇ ಕೇಳಿದಳು: "ನೀರು ಹಾಕುದ್ಮೇಲೆ ಸಾಂಬ್ರಾಣಿ ಹೊಗೆ ಕೊಡ್ದೆ ಹೆಂಗ್ಲಾ?"

ಮೂಗು ಧೂಳು ಸೋಸುತ್ತೆ, ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ ಒಳಗೆ ಕಳಿಸುತ್ತೆ. ಇವಳ ಉಸಿರು ಮೂಗನ್ನು ಮುಟ್ಟೋದೇ ಇಲ್ಲ, ಹೊಗೆ, ಪೌಡರ್ ಎಲ್ಲ ನೇರ ಒಳಕ್ಕೆ ಅಂತ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ದೇವರಿಗೆ ಊದುಬತ್ತಿಯೂ ನಿಂತಿತು.

ಆದರೆ ಅವ್ವನಿಗೆ ಸಕ್ಷನ್ ಕಲಿಸಲಿಲ್ಲ. ಓದಿಲ್ಲ, ಸುಮ್ಮನೆ ಹೆದರಿಸೋದು ಯಾಕೆ ಅಂದುಕೊಂಡೆ.

ಒಂದು ಸಂಜೆ ಹೆಂಡತಿ ರಾತ್ರಿಯೆಲ್ಲ ಎದ್ದಿದ್ದು ಮಲಗಿದ್ದಳು. ನಾನು ತೊಟ್ಟಿಲ ಪಕ್ಕದಲ್ಲೇ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಲ್ಲಿದ್ದೆ. ಪುಟ್ಟಿ ಕಾಲು ಬಡಿದಾಗಲೆಲ್ಲ ಆಕ್ಸಿಮೀಟರ್ ತಪ್ಪು ಲೆಕ್ಕ ತೋರಿಸಿ ಕೂಗುತ್ತೆ. ಒಂದು ಗಂಟೆಯಲ್ಲಿ ಮೂರು ಸಲ ಕೂಗಿತ್ತು, ಮೂರೂ ಸುಳ್ಳು. ಆಫೀಸಿನ ಆನ್‌ಕಾಲ್ ಡ್ಯೂಟಿಯಲ್ಲಿ ಸುಳ್ಳು ಅಲರ್ಟುಗಳನ್ನು ಮುಚ್ಚಿ ಮುಚ್ಚಿ ಅಭ್ಯಾಸವಾದ ಕೈ. ನಾಲ್ಕನೇ ಸಲ ತಿರುಗಿಯೂ ನೋಡದೆ ಮ್ಯೂಟ್ ಒತ್ತಿದೆ.

"ಲೇ, ಮಗೀನ ತುಟಿ ನೋಡ್ಲಾ!"

ತುಟಿ ನೀಲಿ. ಮೀಟರಿನಲ್ಲಿ 78. ಸಕ್ಷನ್ ಪೈಪು ಟ್ಯೂಬಿನೊಳಗೆ ಇಳಿಯಲೇ ಇಲ್ಲ. ಕಫ ಒಣಗಿ ಬಿರಡೆಯ ಹಾಗೆ ಕೂತಿತ್ತು. ಟ್ಯೂಬನ್ನೇ ಬದಲಿಸಬೇಕು. ನಾನು ಪಟ್ಟಿ ಕತ್ತರಿಸುವಷ್ಟರಲ್ಲಿ ಅವ್ವ ಟವೆಲ್ ಸುರುಳಿ ಸುತ್ತಿ ಪುಟ್ಟಿಯ ಭುಜದ ಕೆಳಗೆ ಇಟ್ಟಿದ್ದಳು. ನಾವು ಟ್ಯೂಬ್ ಬದಲಿಸುವಾಗ ಮೂಲೆಯಲ್ಲಿ ನಿಂತು ನೋಡುತ್ತಿದ್ದಳಲ್ಲ, ಎಲ್ಲ ತಲೆಯಲ್ಲಿತ್ತು. ಹಳೆಯದನ್ನು ಎಳೆದು ಹೊಸದನ್ನು ಹಾಕಿ ಒಳಗಿನ ಕಡ್ಡಿ ತೆಗೆದೆ. ಬುಸ್ ಅಂತ ಉಸಿರು ಬಂತು. ತುಟಿಗೆ ಬಣ್ಣ ಬಂದ ಮೇಲೆ ನನ್ನ ಕೈ ನಡುಗೋಕೆ ಶುರುವಾಯಿತು.

ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಬಾಯಿ ಮುಚ್ಚಿಸಿದವನು ನಾನು.

ಮುಂದಿನ ವಾರ ಅವ್ವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರ್ಸ್ ಗೊಂಬೆ ಇಟ್ಟುಕೊಂಡು ಕಲಿಸಿದರು. ಸಕ್ಷನ್‌ನಲ್ಲಿ ಅವ್ವನ ಕೈ ಈಗ ನನ್ನ ಕೈಗಿಂತ ಹಗುರ. ಮನೆಯಲ್ಲಿ ಎರಡೇ ನಿಯಮ: ಕಲಿತವರೊಬ್ಬರು ಸದಾ ಎಚ್ಚರವಿರಬೇಕು; ಅಲಾರಂ ಕೂಗಿದರೆ ಮೊದಲು ಮಗುವನ್ನು ನೋಡಬೇಕು, ಆಮೇಲೆ ಮೀಟರನ್ನು.

ಮೂರನೆಯದನ್ನು ಅವ್ವ ಸೇರಿಸಿದಳು. ಊರಿಂದ ತಂದಿದ್ದ ಬೆಳ್ಳಿ ಗೆಜ್ಜೆಯನ್ನು ಪುಟ್ಟಿಯ ಕಾಲಿಗೆ ಕಟ್ಟಿದಳು. "ಮೇಯಕ್ಕೋದ ಹಸ ಎಲ್ಲದೆ ಅಂತ ಗಂಟೆ ಹೇಳಲ್ವಾ? ಹಂಗೇಯ."

ಈಗ ಪುಟ್ಟಿ ಅತ್ತರೆ ಕೇಳಿಸುತ್ತೆ, ಘಲ್ ಘಲ್ ಅಂತ. ಅಡುಗೆಮನೆಯಿಂದಲೇ ಅವ್ವ "ಬಂದೆ ಕಣವ್ವಾ" ಅಂತಾಳೆ. ಗೆಜ್ಜೆ ಇದ್ದಕ್ಕಿದ್ದ ಹಾಗೆ ನಿಂತರೆ ಮಾತ್ರ ಏನೂ ಅನ್ನಲ್ಲ, ಓಡಿ ಬರ್ತಾಳೆ. ನಾನೂ ಹೆಡ್‌ಫೋನ್ ಬಿಸಾಕಿ ಏಳ್ತೀನಿ.