ಹಿಮ್ಮಡಿಯ ಕೊನೇ ಪದರ

ಪಹಣಿ ತಿದ್ದುಪಡಿಗೆಂದು ತಾಲ್ಲೂಕು ಕಚೇರಿಗೆ ಹತ್ತು ಸಲ ಹೋಗಿ ಬಂದವರು ಜಗಲಿಯ ಮೇಲೆ ಕೂತು ಹೇಳುವ ಮಾತೊಂದಿದೆ: ‘ಅಲೆದೂ ಅಲೆದೂ ಚಪ್ಪಲಿ ಸವೆದುಹೋಯ್ತು.’ ಮಗಳಿಗೆ ವರ ಹುಡುಕುವ ತಂದೆಯ ಬಾಯಲ್ಲೂ ಅದೇ ಮಾತು, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಹುಡುಗನ ಬಾಯಲ್ಲೂ ಅದೇ. ಮೈಯ ದಣಿವನ್ನು ಕನ್ನಡಿಗರು ಕಾಲಡಿಯ ತೊಗಲಿನಲ್ಲಿ ಅಳೆದು ತೋರಿಸುತ್ತಾರೆ. ಆ ಅಳತೆ ಎಷ್ಟು ಕರಾರುವಾಕ್ಕು ಎಂಬುದು ಯಾವುದಾದರೂ ಹಳೆಯ ಬೂಟನ್ನು ಮಗುಚಿ ನೋಡಿದರೆ ಗೊತ್ತಾಗುತ್ತದೆ.

ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹೆಚ್ಚಿನವರ ಬೂಟಿನಲ್ಲಿ ಮೊದಲು ಕರಗುವುದು ಹಿಮ್ಮಡಿಯ ಹಿಂಬದಿಯ ಹೊರಮೂಲೆ. ಬಲಗಾಲಿನದರಲ್ಲಿ ಬಲಕ್ಕೆ, ಎಡಗಾಲಿನದರಲ್ಲಿ ಎಡಕ್ಕೆ. ನಡೆಯುವಾಗ ಪಾದ ನೆಲಕ್ಕೆ ಚಪ್ಪಟೆಯಾಗಿ ಬೀಳುವುದಿಲ್ಲ. ಮೊದಲು ಹಿಮ್ಮಡಿಯ ಹೊರ ಅಂಚು ತಗಲುತ್ತದೆ, ಆಮೇಲೆ ಪಾದ ಒಳಕ್ಕೆ ಹೊರಳಿಕೊಂಡು ಮುಂದಕ್ಕೆ ಉರುಳುತ್ತದೆ. ಮೈಯ ಭಾರವೆಲ್ಲ ಆ ಹೆಬ್ಬೆಟ್ಟಿನಗಲದ ಮೂಲೆಯಿಂದಲೇ ನೆಲಕ್ಕೆ ಇಳಿಯತೊಡಗುತ್ತದೆ. ದಿನಕ್ಕೆ ಐದು ಸಾವಿರ ಹೆಜ್ಜೆ ಹಾಕುವವರ ಒಂದೊಂದು ಬೂಟಿನ ಮೂಲೆಯೂ ವರ್ಷಕ್ಕೆ ಒಂಬತ್ತು ಲಕ್ಷ ಸಲ ನೆಲಕ್ಕೆ ಉಜ್ಜಿಸಿಕೊಳ್ಳುತ್ತದೆ. ಸವೆಯದೆ ಇನ್ನೇನಾದೀತು?

ಈ ಸವೆತವನ್ನು ತಡೆಯಲಾಗದು ಎಂದು ಬೂಟು ಕಟ್ಟುವವರು ಬಹಳ ಹಿಂದೆಯೇ ಒಪ್ಪಿಕೊಂಡರು. ತಡೆಯುವ ಬದಲು ಅದಕ್ಕೊಂದು ಜಾಗ ಮಾಡಿಕೊಟ್ಟರು. ಸಾಂಪ್ರದಾಯಿಕ ಬೂಟಿನ ಹಿಮ್ಮಡಿ ಒಂದೇ ಗಟ್ಟಿ ತುಂಡಲ್ಲ. ದಪ್ಪ ತೊಗಲಿನ ಹಲವು ಪದರಗಳನ್ನು ಒಂದರ ಮೇಲೊಂದು ಪೇರಿಸಿ, ಅಂಟು ಹಾಕಿ, ಮೊಳೆ ಹೊಡೆದು ಕಟ್ಟಿದ್ದು. ನೆಲಕ್ಕೆ ತಾಗುವ ಕೊನೆಯ ಪದರ ಮಾತ್ರ ಸವೆಯುವುದಕ್ಕೆಂದೇ ಇರುವಂಥದು. ಅದು ಮುಗಿದರೆ ಕಿತ್ತು ಬೇರೆ ಹಾಕಬಹುದು, ಮೇಲಿನ ಪದರಗಳಿಗೆ ಏನೂ ಆಗಿರುವುದಿಲ್ಲ. ಎಲ್ಲಕ್ಕಿಂತ ಕೆಳಗಿರುವ ಈ ಪದರವನ್ನು ಇಂಗ್ಲೆಂಡಿನಲ್ಲಿ ಟಾಪ್ ಪೀಸ್ ಎನ್ನುತ್ತಾರೆ, ಅಮೆರಿಕದಲ್ಲಿ ಟಾಪ್ ಲಿಫ್ಟ್. ಅಡಿಯಲ್ಲಿರುವುದಕ್ಕೆ ಮೇಲಿನದು ಎಂಬ ಹೆಸರೇಕೆ ಎಂದರೆ, ಬೂಟು ಕಟ್ಟುವವರ ಕಣ್ಣಿಗೆ ಅದು ಮೇಲೆಯೇ ಇರುತ್ತದೆ. ಬೂಟನ್ನು ತಲೆಕೆಳಗು ಹಿಡಿದು ಕೆಲಸ ಮಾಡುವ ಅವರು ಕೊನೆಯಲ್ಲಿ ಮೇಲಿಡುವ ಪದರವೇ ಅದು. ತೊಡುವವರ ಕಣ್ಣಿನಿಂದಲ್ಲ, ಮಾಡುವವರ ಕಣ್ಣಿನಿಂದ ಹುಟ್ಟಿದ ಇಂಥ ಹೆಸರುಗಳ ಮೇಲೆ ಪ್ರೀತಿ ಹುಟ್ಟದೆ ಇರುವುದಿಲ್ಲ.

ತೊಗಲಿನ ಜಾಗಕ್ಕೆ ರಬ್ಬರು ಬಂದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಪಟ್ಟಣದಲ್ಲಿ. ನೇಯ್ಗೆ ಗಿರಣಿಗಳ ಊರು ಅದು. ಐರ್ಲೆಂಡಿನಿಂದ ಬಂದು ನೆಲೆಸಿದ್ದ ಹಂಫ್ರಿ ಓ'ಸಲಿವನ್ ಎಂಬಾತ ಅಲ್ಲಿ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಗಟ್ಟಿ ನೆಲದ ಮೇಲೆ ದಿನವಿಡೀ ನಿಂತು ಕೆಲಸ. ಸಂಜೆಯ ಹೊತ್ತಿಗೆ ಹಿಮ್ಮಡಿಯಿಂದ ಸೊಂಟದವರೆಗೆ ನೋವು. ನೋವು ತಡೆಯಲಾರದೆ ಒಂದು ರಬ್ಬರು ಚಾಪೆ ತಂದು ಅದರ ಮೇಲೆ ನಿಲ್ಲತೊಡಗಿದ. ಸುಖ ಕಂಡ ಜೊತೆಗಾರರು ಆ ಚಾಪೆಯನ್ನು ಎತ್ತಿಕೊಂಡು ಹೋಗುತ್ತಿದ್ದರಂತೆ. ಕೊನೆಗೆ ಓ'ಸಲಿವನ್ ಚಾಪೆಯಿಂದ ತನ್ನ ಹಿಮ್ಮಡಿಯ ಅಳತೆಯ ಎರಡು ತುಂಡು ಕತ್ತರಿಸಿ ಬೂಟಿಗೇ ಮೊಳೆ ಹೊಡೆದುಕೊಂಡ ಎಂಬುದು ಇಂದಿಗೂ ಹೇಳಿಕೊಂಡು ಬಂದಿರುವ ಕಥೆ. 1899ರ ಜನವರಿ 24ರಂದು ಅವನ ರಬ್ಬರ್ ಹೀಲ್‌ಗೆ ಪೇಟೆಂಟ್ ಸಿಕ್ಕಿತು. ಅದೇ ರಾಜ್ಯದಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವ ಬಗೆಯನ್ನು 1839ರಲ್ಲಿ ಕಂಡುಕೊಂಡಿದ್ದ. ಅದು ಹಿಮ್ಮಡಿಯ ಕೆಳಗೆ ಬಂದು ಕೂರಲು ಅರವತ್ತು ವರ್ಷ ಹಿಡಿಯಿತು, ಒಬ್ಬ ಕೂಲಿಯವನ ಸೊಂಟ ನೋಯಬೇಕಾಯಿತು.

ರಬ್ಬರು ಮೆತ್ತಗೆ, ಹಾಗಾಗಿ ಅದಕ್ಕೆ ತನ್ನದೇ ಒಂದು ತೊಂದರೆ. ಮೊಳೆ ಹೊಡೆದರೆ ಮೊಳೆಯ ತಲೆ ರಬ್ಬರಿನೊಳಗೇ ಮುಳುಗಿ, ನಾಲ್ಕು ದಿನ ನಡೆಯುವುದರೊಳಗೆ ಹೀಲ್ ಕಳಚಿ ಬೀಳುತ್ತಿತ್ತು. ಅಚ್ಚು ಹಾಕುವಾಗಲೇ ಮೊಳೆ ಬೀಳುವ ಜಾಗಗಳಲ್ಲಿ ಪುಟ್ಟ ಲೋಹದ ವಾಷರುಗಳನ್ನು ಹುದುಗಿಸಿಟ್ಟು ತಯಾರಕರು ಇದಕ್ಕೆ ದಾರಿ ಕಂಡುಕೊಂಡರು. ಮೊಳೆಯ ತಲೆ ವಾಷರಿಗೆ ಸಿಕ್ಕಿ ನಿಲ್ಲುತ್ತದೆ, ರಬ್ಬರು ಅದರ ಸುತ್ತ ತನ್ನ ಪಾಡಿಗೆ ಸವೆಯುತ್ತದೆ. ಹಳೆಯ ರಬ್ಬರ್ ಹೀಲ್ ಕಿತ್ತಾಗ ಉದುರುವ ತುಕ್ಕು ಹಿಡಿದ ಬಿಲ್ಲೆಗಳು ಅವೇ.

ಇಂಗ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲ್ಯಾಂಕಷೈರಿನ ಲೇಲ್ಯಾಂಡ್ ಪಟ್ಟಣದ ವುಡ್-ಮಿಲ್ನ್ ಕಂಪನಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಿರುಗುವ ಹೀಲ್‌ಗಳಿಗೆ ಹೆಸರಾಗಿತ್ತು. ದುಂಡನೆಯ ರಬ್ಬರ್ ಬಿಲ್ಲೆ, ಅದನ್ನು ಹಿಮ್ಮಡಿಗೆ ಹಿಡಿಸಲು ನಡುವೆ ಒಂದೇ ತಿರುಪು. ಹೊರಮೂಲೆ ಸವೆದಂತೆಲ್ಲ ಬಿಲ್ಲೆ ತಿರುಗಿ ಸವೆಯದ ಭಾಗ ಆ ಮೂಲೆಗೆ ಬರುತ್ತದೆ. ಸುತ್ತಲೂ ಸಮನಾಗಿ ತೆಳುವಾದ ಮೇಲೆ ಬಿಲ್ಲೆಯನ್ನೇ ಬದಲಾಯಿಸಿದರಾಯಿತು. ಒಂದೇ ಮೂಲೆ ಹಾಳಾಯಿತೆಂದು ಇಡೀ ಹೀಲ್ ಎಸೆಯುವ ಪ್ರಮೇಯವೇ ಇಲ್ಲ. ಇಷ್ಟು ಸರಳವಾಗಿ ಇಷ್ಟು ದೊಡ್ಡ ದುಂದನ್ನು ತಪ್ಪಿಸಿದ ಸಾಧನಗಳು ಕಡಿಮೆ. ಇದೇ ಲೆಕ್ಕಾಚಾರದ ಇನ್ನೊಂದು ರೂಪ ಇಂದಿಗೂ ಒಳ್ಳೆಯ ಇಂಗ್ಲಿಷ್ ಬೂಟುಗಳಲ್ಲಿ ಕಾಣಸಿಗುತ್ತದೆ: ಟಾಪ್ ಪೀಸಿನ ಹೆಚ್ಚಿನ ಭಾಗ ತೊಗಲು, ಹಿಂದಿನ ಮೂಲೆಗೆ ಮಾತ್ರ ರಬ್ಬರಿನ ತುಂಡು. ಎಲ್ಲಿ ಸವೆಯುತ್ತದೋ ಅಲ್ಲಷ್ಟೇ ರಬ್ಬರು.

ಕಬ್ಬಿಣದ ದಾರಿ ಇವೆಲ್ಲಕ್ಕಿಂತ ಹಳೆಯದು. ರೋಮನ್ ಸೈನಿಕರ ಪಾದರಕ್ಷೆಯ ಅಟ್ಟೆಯ ತುಂಬ ಗುಂಡುತಲೆಯ ಮೊಳೆಗಳಿರುತ್ತಿದ್ದವು. ಉದುರಿದ ಮೊಳೆಗೆ ಬದಲು ಇನ್ನೊಂದನ್ನು ಹೊಡೆದರೆ ಅಟ್ಟೆಗೆ ಮತ್ತೆ ಜೀವ. ಮಣ್ಣಿನ ಹಾದಿಯಲ್ಲಿ ಅದಕ್ಕೆ ಎಣೆಯಿಲ್ಲ, ನುಣುಪು ಕಲ್ಲಿನ ಮೇಲೆ ಮಾತ್ರ ಅದು ಮೃತ್ಯು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿಗೆ ಮುತ್ತಿಗೆ ಹಾಕಿದಾಗ ಬಿಥಿನಿಯಾದ ಜೂಲಿಯಾನಸ್ ಎಂಬ ದಳಪತಿ ಒಬ್ಬನೇ ಶತ್ರುಗಳ ಗುಂಪನ್ನು ದೇವಾಲಯದ ಒಳ ಅಂಗಳದವರೆಗೆ ಅಟ್ಟಿಸಿಕೊಂಡು ಹೋದ. ಅಲ್ಲಿ ಕಲ್ಲುಹಾಸಿನ ಮೇಲೆ ಪಾದರಕ್ಷೆಯ ಮೊಳೆಗಳು ಜಾರಿ ಅಂಗಾತ ಬಿದ್ದ. ಓಡುತ್ತಿದ್ದವರು ಹಿಂದಿರುಗಿ ಅವನನ್ನು ಮುತ್ತಿ ಕೊಂದರು. ಆ ಯುದ್ಧವನ್ನು ಕಣ್ಣಾರೆ ಕಂಡಿದ್ದ ಇತಿಹಾಸಕಾರ ಜೋಸೆಫಸ್ ಈ ಸಾವನ್ನು ಮರುಕದಿಂದ ದಾಖಲಿಸಿದ್ದಾನೆ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಲೀಡ್ಸ್ ನಗರದ ಬ್ಲೇಕಿ ಕಂಪನಿ ಅರ್ಧಚಂದ್ರಾಕಾರದ ಲೋಹದ ತುಂಡುಗಳನ್ನು ಬೂಟಿನ ಅಂಚಿಗೆ ಹೊಡೆಸಿಕೊಳ್ಳಲೆಂದು ಮಾರತೊಡಗಿತು. ಸೈನ್ಯದ ಬೂಟಿಗೆ ಇದಕ್ಕಿಂತ ದೊಡ್ಡದಾದ, ಹಿಮ್ಮಡಿಯ ಸುತ್ತ ಕೂರುವ ಕಬ್ಬಿಣದ ಬಳೆ. ಬ್ರಿಟಿಷರ ಜೊತೆ ಅದು ಇಲ್ಲಿಗೂ ಬಂತು. ಕರ್ನಾಟಕದ ಹಳ್ಳಿಗಳಲ್ಲಿ ಪೊಲೀಸರು ಬರುವುದು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ ಗೊತ್ತಾಗುತ್ತಿದ್ದ ಕಾಲವನ್ನು ಹಿರಿಯರು ನೆನೆಯುತ್ತಾರೆ. ‘ಲಾಳದ ಬೂಟು’ ಎಂದೇ ಅದರ ಹೆಸರು. ಎತ್ತಿನ ಕಾಲಿಗೆ ಕಟ್ಟುವ ಲಾಳದ ಪದವನ್ನೇ ಜನ ಬೂಟಿಗೂ ಕೊಟ್ಟದ್ದು ಸುಮ್ಮನೆ ಅಲ್ಲ. ಎತ್ತಿನ ಗೊರಸು ಸೀಳಾಗಿರುವುದರಿಂದ ಕಾಲಿಗೆ ಎರಡರಂತೆ ಎಂಟು ಲಾಳ ಬೇಕು. ಗಾಡಿ ಎಳೆದು ಲಾಳ ತೆಳುವಾದರೆ ಎತ್ತನ್ನು ಕೆಡವಿ, ಹಳೆಯದನ್ನು ಕಿತ್ತು, ಹೊಸದು ಹೊಡೆಯುತ್ತಾರೆ, ಗೊರಸು ಉಳಿಯುತ್ತದೆ. ಬದಲಿಸಬಹುದಾದ ಹೊರಪದರ ಎಂದರೇನೆಂದು ರೈತರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಂಗಸರ ಎತ್ತರದ ಹಿಮ್ಮಡಿಯಲ್ಲಿ ಈ ಪದರ ತೀರ ಕಿರಿದಾಗಿಬಿಟ್ಟಿತು. 1950ರ ದಶಕದಲ್ಲಿ ಪ್ಯಾರಿಸ್ಸಿನ ರೋಜರ್ ವಿವಿಯೆ ಕ್ರಿಶ್ಚಿಯನ್ ಡಿಯೋರ್‌ಗಾಗಿ ಸ್ಟಿಲೆಟೊ ಹಿಮ್ಮಡಿ ರೂಪಿಸಿದ. ಒಳಗೆ ಉಕ್ಕಿನ ಸರಳಿನ ಆಧಾರವಿದ್ದುದರಿಂದ ಅದು ಕಡ್ಡಿಯಷ್ಟು ತೆಳ್ಳಗಾಗಬಹುದಿತ್ತು. ತುದಿಯ ವಿಸ್ತಾರ ಒಂದು ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ, 55 ಕಿಲೋ ತೂಕದ ಹೆಂಗಸು ಅದರ ಮೇಲೆ ಭಾರ ಹಾಕಿದ ಕ್ಷಣ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ 55 ಕಿಲೋ. ಕಾರಿನ ಟೈರಿನದು ಸುಮಾರು ಎರಡು ಕಿಲೋ! ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಕಡಲತೀರದ ಊರಿನಲ್ಲಿ ಮರದ ಬೇರುಗಳಿಂದ ಉಬ್ಬಿದ ಕಾಲುದಾರಿಗಳಲ್ಲಿ ಇಂಥ ಹಿಮ್ಮಡಿ ಎಡವಿ ಬಿದ್ದವರು ಮೊಕದ್ದಮೆ ಹೂಡಬಾರದೆಂದು 1963ರಲ್ಲಿ ಕಾಯ್ದೆಯೇ ಬಂತು: ಎರಡು ಇಂಚಿಗಿಂತ ಎತ್ತರದ, ಒಂದು ಚದರ ಇಂಚಿಗಿಂತ ಕಿರಿದಾದ ಹಿಮ್ಮಡಿಗೆ ಪುರಭವನದಿಂದ ಪರವಾನಗಿ ಪಡೆಯಬೇಕು. ಇಂಥ ಹಿಮ್ಮಡಿಯ ತುದಿಗೆ ಹಾಕುವುದು ಉಕ್ಕಿನ ಕಡ್ಡಿಯಿರುವ ಪುಟ್ಟ ಪ್ಲಾಸ್ಟಿಕ್ ಟಿಪ್. ಚಿಮುಟದಿಂದ ಎಳೆದರೆ ಹಳೆಯದು ಬರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಹೊಸದು ಕೂರುತ್ತದೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಸಿಗದೆ, ನಡೆದಾಗ ಲೋಹದ ಟಕ್ ಟಕ್ ಸದ್ದು ಕೇಳುವವರೆಗೆ ಬಿಟ್ಟರೆ, ಹಿಮ್ಮಡಿಗೆ ಸುತ್ತಿದ ತೊಗಲು ಸುಲಿದು ಮೇಲೇರುತ್ತದೆ. ಆಮೇಲೆ ಟಿಪ್ ಹಾಕಿ ಪ್ರಯೋಜನವಿಲ್ಲ.

ಬೆಂಗಳೂರಿನ ಯಾವ ಬಡಾವಣೆಯ ತಿರುವಿನಲ್ಲಾದರೂ ಮರದಡಿಯೋ ದೊಡ್ಡ ಛತ್ರಿಯಡಿಯೋ ಕುಳಿತು ಬೂಟು ರಿಪೇರಿ ಮಾಡುವವರ ಕೈಯನ್ನು ಅರ್ಧ ಗಂಟೆ ನಿಂತು ನೋಡಬೇಕು. ಮೂರು ಕಾಲಿನ ಕಬ್ಬಿಣದ ಅಚ್ಚಿಗೆ ಬೂಟನ್ನು ಬೋರಲಾಗಿ ಸಿಕ್ಕಿಸುತ್ತಾರೆ. ಇಕ್ಕಳದ ಬಾಯಿಯನ್ನು ಸಂದಿಗೆ ಇಳಿಸಿ ಹಳೆಯ ರಬ್ಬರನ್ನು ಮೊಳೆಸಮೇತ ಎಬ್ಬಿಸುತ್ತಾರೆ. ಮೂಲೆಯಲ್ಲಿ ಒಳಗಿನ ಪದರವೂ ಸವೆದಿದ್ದರೆ ಅದಕ್ಕೆ ತೊಗಲಿನ ಪುಟ್ಟ ಆಪು ಕೊಟ್ಟು ಮಟ್ಟ ಮಾಡುತ್ತಾರೆ. ರಬ್ಬರ್ ಹಾಳೆಯಿಂದ ಬೇಕಾದ್ದಕ್ಕಿಂತ ಬೆರಳಂಚಿನಷ್ಟು ದೊಡ್ಡ ತುಂಡು ಕತ್ತರಿಸಿ, ಎರಡೂ ಮೈಯನ್ನು ಅರದಿಂದ ಉಜ್ಜಿ ಒರಟು ಮಾಡಿ, ಅಂಟು ಸವರಿ ಪಕ್ಕಕ್ಕಿಡುತ್ತಾರೆ. ಗಿರಾಕಿಗೆ ಅವಸರ, ಅವರಿಗಿಲ್ಲ: ಅಂಟು ಹಸಿಯಿದ್ದಾಗ ಕೂಡಿಸಿದರೆ ಹಿಡಿಯುವುದಿಲ್ಲ, ಬೆರಳಿಗೆ ಜಿಗುಟು ಅನ್ನಿಸಿದ ಮೇಲೆಯೇ ಕೂಡಿಸಬೇಕು. ಸುತ್ತಿಗೆಯ ನಾಲ್ಕು ಪೆಟ್ಟು, ಅಂಚಿಗೆ ಐದಾರು ಮೊಳೆ. ಆಮೇಲೆ ರಂಪಿಗೆಯನ್ನು ನೀರಿನಲ್ಲಿ ಅದ್ದಿ, ಹೆಚ್ಚಾದ ರಬ್ಬರನ್ನು ಒಂದೇ ಎಳೆತಕ್ಕೆ ಸುತ್ತಲೂ ಸವರುತ್ತಾರೆ. ಒಣಗಿದ ಅಲಗು ರಬ್ಬರಿಗೆ ಕಚ್ಚಿಕೊಳ್ಳುತ್ತದೆ, ಒದ್ದೆ ಅಲಗು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಕಪ್ಪು ಬಣ್ಣ ಬಳಿದು ಕೈಗೆ ಕೊಟ್ಟರೆ ಹೊಸ ಪದರ ಎಲ್ಲಿ ಶುರುವಾಗುತ್ತದೆಂದು ಹುಡುಕಬೇಕು. ಇಂಥ ಕೈಗಳಿಗೆ ಕನ್ನಡದಲ್ಲಿ ಬಹಳ ಹಳೆಯ ಗೌರವವೂ ಇದೆ: ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳನ್ನು ಸೇರಿಸಿಕೊಂಡ. ಆ ಗೌರವ ಬೀದಿಬದಿಯಲ್ಲಿ ಕುಳಿತವರಿಗೆ ಸಿಕ್ಕಿತೇ ಎಂದು ಕೇಳಿದರೆ ಉತ್ತರ ಕಷ್ಟದ್ದು. ತಲೆ ಮೇಲೊಂದು ಸೂರಿಲ್ಲದೆ ಬಿಸಿಲು ಮಳೆಯಲ್ಲಿ ಕುಳಿತು ನಗರವನ್ನು ನೆಟ್ಟಗೆ ನಡೆಸುತ್ತಿರುವವರು ಅವರು.

ಅವರ ಕೈಗೆ ಬರುವ ಬೂಟುಗಳೇ ಈಗ ಬದಲಾಗಿವೆ. ಅಟ್ಟೆ, ಹಿಮ್ಮಡಿ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಯುರೆಥೇನ್. ಹಗುರ, ಅಗ್ಗ, ಮೆತ್ತಗೆ. ಆದರೆ ಕೊನೆಯ ಪದರ ಎಂಬುದು ಅದಕ್ಕೆ ಇಲ್ಲವೇ ಇಲ್ಲ; ಮೂಲೆ ಸವೆದರೆ ಒಳಗಿನ ಪೊಳ್ಳೇ ಎಷ್ಟೋ ಸಲ ಬಾಯಿಬಿಡುತ್ತದೆ. ಗಾಳಿಯ ತೇವ ಕೂಡ ಈ ವಸ್ತುವನ್ನು ಒಳಗಿಂದೊಳಗೆ ಒಡೆಯುತ್ತದೆ. ಕರಾವಳಿಯ ಮನೆಗಳಲ್ಲಿ ಮದುವೆಗೆಂದು ಜೋಪಾನವಾಗಿ ಎತ್ತಿಟ್ಟ ಬೂಟು ಮೂರ್ನಾಲ್ಕು ಮಳೆಗಾಲ ಕಳೆದು ತೊಟ್ಟಾಗ ಅಟ್ಟೆ ರೊಟ್ಟಿಯ ಚೂರಿನಂತೆ ಉದುರುವುದು ಇದರಿಂದಲೇ. ನಡೆಯದೆಯೂ ಹಾಳಾಗುವ ಬೂಟನ್ನು ಮಾಡಿದ್ದು ಮುನ್ನಡೆ ಎಂದು ಒಪ್ಪುವುದು ಕಷ್ಟ. ಅದಕ್ಕೆ ಹೋಲಿಸಿದರೆ ಅಥಣಿಯ ಕಡೆ ತೊಗಲಿನ ಪದರಗಳನ್ನು ತೊಗಲಿನ ದಾರದಿಂದಲೇ ಹೊಲಿದು ಮಾಡುವ ಚಪ್ಪಲಿಯ ಹಿಮ್ಮಡಿ ಇಂದಿಗೂ ಬಿಚ್ಚಿ ಕಟ್ಟಲು ಬರುವಂಥದು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿ, ಕೊಲ್ಹಾಪುರಿ ಎಂದು ಹೆಸರಾದ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿ.

ರಿಪೇರಿಯನ್ನು ಸರ್ಕಾರಗಳು ಬೆಂಬಲಿಸಬಲ್ಲವು ಎಂಬುದಕ್ಕೂ ಉದಾಹರಣೆಗಳಿವೆ. ಸ್ವೀಡನ್ 2017ರಲ್ಲಿ ಬೂಟು, ಬಟ್ಟೆ, ಸೈಕಲ್ ರಿಪೇರಿಯ ಮೇಲಿನ ತೆರಿಗೆಯನ್ನು ಶೇಕಡ 25ರಿಂದ 12ಕ್ಕೆ ಇಳಿಸಿತು. ಫ್ರಾನ್ಸ್ 2023ರಲ್ಲಿ ಇನ್ನೂ ನೇರವಾದ ದಾರಿ ಹಿಡಿಯಿತು: ಬೂಟಿನ ಹಿಮ್ಮಡಿ ಸರಿಮಾಡಿಸಿದರೆ ಬಿಲ್ಲಿನಲ್ಲಿ ಏಳು ಯೂರೋ ಕಡಿತ. ಕಾಲಡಿಯ ಒಂದು ಪದರಕ್ಕೆಂದು ಒಂದು ದೇಶ ಹಣ ತೆಗೆದಿಟ್ಟದ್ದು ಮೆಚ್ಚಬೇಕಾದ ಕೆಲಸ. ಇಲ್ಲಿಯೂ ಅಂಥದ್ದೊಂದು ಬಂದರೆ ಅದರ ಲಾಭ ನೇರವಾಗಿ ಆ ಛತ್ರಿಯಡಿಗೆ ತಲುಪುವಂತಿರಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಇವತ್ತು ಸಂಜೆ ಬಾಗಿಲಲ್ಲಿ ಬೂಟು ಬಿಚ್ಚಿದಾಗ ಒಮ್ಮೆ ಮಗುಚಿ, ಹಿಂದಿನ ಹೊರಮೂಲೆಯ ಮೇಲೆ ಬೆರಳಾಡಿಸಿ. ರಬ್ಬರು ಇನ್ನೂ ಇದ್ದು ತೆಳುವಾಗಿದ್ದರೆ ಈ ವಾರವೇ ತಿರುವಿನಲ್ಲಿ ಕುಳಿತವರ ಬಳಿ ಒಯ್ಯಿರಿ, ಅವರು ಕೇಳಿದಷ್ಟು ಕೊಡಿ. ಮಳೆ ಹಿಡಿಯುವ ಮುಂಚೆ ಹೋದರೆ ಒಳ್ಳೆಯದು. ಒದ್ದೆ ಅಟ್ಟೆಗೆ ಅಂಟು ಕೂರುವುದಿಲ್ಲ.