ಹನ್ನೊಂದು ಮೆಟ್ಟಿಲು

ಚಾಮುಂಡಿ ಬೆಟ್ಟಕ್ಕೆ 1000 ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಅರಿಶಿನ-ಕುಂಕುಮ ಹಚ್ಚಿ ಹತ್ತುತ್ತೀನಿ ಅಂತ ಅಮ್ಮನ ಹಳೇ ಹರಕೆ. ಈಗ ಅವಳಿಗೆ ಸಿಒಪಿಡಿ. ಬೀಡಿ ಮುಟ್ಟಿದವಳಲ್ಲ, 25 ವರ್ಷ ಸೌದೆ ಒಲೆ ಊದಿದವಳು. ಶ್ವಾಸನಾಳ ಕಿರಿದಾಗಿದೆ, ಉಸಿರು ಎಳೆದುಕೊಳ್ಳೋದಕ್ಕಿಂತ ಹೊರಗೆ ಬಿಡೋದೇ ಕಷ್ಟ.

"ಕಾರಲ್ಲೇ ಮೇಲೆ ಹೋಗೋಣಮ್ಮ" ಅಂದೆ. ಮಾತಾಡಲಿಲ್ಲ. ಎರಡು ವರ್ಷದಿಂದ ನಾನು ಹೇಳಿದ್ದೆಲ್ಲ ಬರೀ "ಬೇಡ". ಮದುವೆಮನೆ ಬೇಡ, ಜಾತ್ರೆ ಬೇಡ.

ಕೊನೆಗೆ ನಂದಿವರೆಗೆ ಕಾರು (ಅಲ್ಲಿಗೂ ರಸ್ತೆ ಇದೆ, ಗೊತ್ತಿರಲಿ). ಇನ್ಹೇಲರ್ ತಗೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಮೆಟ್ಟಿಲು. ನಿಂತು ಮೂಗಿನಿಂದ ಉಸಿರು ತಗೊಳ್ಳೋದು, ದೀಪ ಆರದ ಹಾಗೆ ಮೆಲ್ಲಗೆ ಊದಿದಂತೆ ತುಟಿ ಚೂಪು ಮಾಡಿ ಬಿಡ್ತಾ ಕಾಲೆತ್ತೋದು. ಫಿಸಿಯೋಥೆರಪಿಸ್ಟ್ ಕಲಿಸಿದ್ದು. ಬಗ್ಗಿದರೆ ದಮ್ಮು ಕಟ್ಟುತ್ತೆ, ಹಾಗಾಗಿ ಭರಣಿ ಅವಳ ಕೈಲಿ, ಹಚ್ಚೋದು ನಾನು. ಪಕ್ಕದಲ್ಲೇ ಕಾಲೇಜು ಹುಡುಗರು ಓಡಿ ಹತ್ತುತ್ತಿದ್ದರು. ಅಮ್ಮ ಅವರ ಕಡೆ ನೋಡಲೇ ಇಲ್ಲ, ಮೆಟ್ಟಿಲು ಎಣಿಸ್ತಾ ಇದ್ದಳು.

11ನೇ ಮೆಟ್ಟಿಲ ಮೇಲೆ ಕೂತಳು.

"ಸಾಕಾ?"

"ಇವತ್ತಿಗೆ ಸಾಕು. ಮುಂದಿನ ತಿಂಗಳು ಹನ್ನೆರಡರಿಂದ" ಅಂದು, ಭರಣಿ ಮುಚ್ಚಳ ಬಿಗಿ ಮಾಡಿ ನನ್ನ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿದಳು.