ಹ್ಯಾಲಿಫ್ಯಾಕ್ಸ್ ದಾರಿಯ ಟೊಪ್ಪಿಗಳು

ಆಗೆಲ್ಲ ಹಡಗಿನಲ್ಲಿ ಯಾರು ಯಾರೆಂದು ತಿಳಿಯಲು ಮುಖ ನೋಡಬೇಕಿರಲಿಲ್ಲ, ತಲೆ ನೋಡಿದರೆ ಸಾಕಿತ್ತು. ಟೊಪ್ಪಿಯ ಮುಂದಿನ ಕಪ್ಪು ಅಂಚಿನ ಮೇಲೆ ಜರಿಯ ಓಕ್ ಎಲೆಗಳಿದ್ದರೆ ಕ್ಯಾಪ್ಟನ್. ಎಲೆಯಿಲ್ಲದೆ ಬರೀ ಲಂಗರಿನ ಬಿಲ್ಲೆ ಇದ್ದರೆ ಉಳಿದ ಆಫೀಸರುಗಳು. ಸೆಖೆಯ ಸಮುದ್ರದಲ್ಲಿರುವಷ್ಟು ದಿನ ಟೊಪ್ಪಿಗೆ ಬಿಳಿ ಗವಸು. ಸೂಯೆಜ್ ದಾಟಿ ಚಳಿ ಹತ್ತಿದೊಡನೆ ಕ್ಯಾಪ್ಟನ್ನರ ಅಪ್ಪಣೆಯಾಗಿ ಒಂದೇ ದಿನ ಎಲ್ಲರ ತಲೆಯೂ ಕಪ್ಪು. ಬ್ರಿಟಿಷರು 1918ರಲ್ಲಿ ತಮ್ಮ ವ್ಯಾಪಾರಿ ಹಡಗಿನವರಿಗೂ ಸರ್ಕಾರಿ ಸಮವಸ್ತ್ರ ಗೊತ್ತುಮಾಡಿದ್ದರು. ನಮ್ಮವರು ಅದರ ಕಿರೀಟವನ್ನು ಬಿಟ್ಟು ಮಿಕ್ಕಿದ್ದನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡಿದ್ದರು.

ನಾನು ಮುಂಬೈಯ ಮಜಗಾಂವ್‌ನಲ್ಲಿ ನಿಂತಿದ್ದ ಡಫರಿನ್ ತರಬೇತಿ ಹಡಗಿನಿಂದ ಹೊಸದಾಗಿ ಹೊರಬಿದ್ದ ಕ್ಯಾಡೆಟ್. ಹೊಸ ಟೊಪ್ಪಿ ಎಂದರೆ ಹೊಸಬ ಎಂದು ಡಂಗುರ ಸಾರಿದಂತೆ. ಅದಕ್ಕೆ ನಾವು ಹುಡುಗರು ಒಳಗಿನ ತಂತಿಯ ಬಳೆ ಕಿತ್ತು ಟೊಪ್ಪಿಯನ್ನು ಜೋತುಬೀಳಿಸುತ್ತಿದ್ದೆವು, ಜರಿಯ ಬಿಲ್ಲೆಯನ್ನು ಉಪ್ಪುನೀರಲ್ಲಿ ನೆನೆಸಿ ಹಸಿರುಗಟ್ಟಿಸುತ್ತಿದ್ದೆವು. ಹತ್ತು ವರ್ಷ ಸಮುದ್ರ ಕಂಡವರ ಹಾಗೆ ಕಾಣಬೇಕಲ್ಲ! ವಾಂತಿ ಮಾಡಿಕೊಂಡು ಮಲಗಿದವನ ತಲೆದಿಂಬಿನ ಪಕ್ಕ ಅಂಥ ಟೊಪ್ಪಿ ಇದ್ದರೆ ನಗು ಬಾರದೆ ಇರುತ್ತದೆಯೇ?

ನಮ್ಮ ಸೆರಂಗ್, ಅಂದರೆ ಖಲಾಸಿಗಳ ಯಜಮಾನ, ರತ್ನಾಗಿರಿ ಕಡೆಯವನು. ಹಿಂದೆ ಪಿ ಅಂಡ್ ಓ ಕಂಪನಿಯ ಪ್ರಯಾಣಿಕರ ಹಡಗುಗಳಲ್ಲಿ ದುಡಿದಿದ್ದ. ಅಲ್ಲಿ ಡೆಕ್ಕಿನ ಖಲಾಸಿಗಳಿಗೆ ನೀಲಿ ಅಂಗಿ, ಸೊಂಟಕ್ಕೆ ಕೆಂಪು ರುಮಾಲು, ತಲೆಯ ಮೇಲೆ ಟೊಪ್ಪಿಗೆ ಸುತ್ತಿದ ಕೆಂಪು ಬಟ್ಟೆ. ನಮ್ಮ ಹಡಗಿನಲ್ಲಿ ಆ ವೇಷದ ಕಟ್ಟಳೆ ಇರಲಿಲ್ಲ, ಆದರೂ ಅವನು ಕೆಂಪು ಬಟ್ಟೆ ಬಿಡಲಿಲ್ಲ. ಕೊರಳಲ್ಲಿ ಬೆಳ್ಳಿ ಸರಪಳಿಗೆ ಬೆಳ್ಳಿ ಸೀಟಿ. ನನ್ನ ಕಣ್ಣಿಗೆ ಆ ಹಡಗಿನಲ್ಲಿ ನಿಜವಾದ ಗತ್ತಿದ್ದ ತಲೆ ಅದೊಂದೇ.

1964ರ ಕೊನೆ. ಮಂಗಳೂರಿನೆದುರು ಲಂಗರು ಹಾಕಿದೆವು. ಹೊಸ ಬಂದರು ಇನ್ನೂ ಆಗಿರಲಿಲ್ಲ. ಗೋಡಂಬಿ ಡಬ್ಬಿಗಳನ್ನು ಮಂಜಿ ದೋಣಿಗಳು ತಂದು ಪಕ್ಕಕ್ಕೆ ನಿಂತವು. ಅವುಗಳಲ್ಲಿದ್ದವರ ತಲೆಯ ಮೇಲೆ ಅಡಿಕೆ ಹಾಳೆಯ ಮುಟ್ಟಾಳೆ. ಕೆಳಗಿನಿಂದ ಒಬ್ಬ ತುಳುವಿನಲ್ಲಿ ನನ್ನ ಟೊಪ್ಪಿ ಎಷ್ಟಕ್ಕೆ ಕೊಡುತ್ತೀ ಎಂದು ಕೇಳಿದ. ಮೇಲಧಿಕಾರಿ ಪಕ್ಕದಲ್ಲೇ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ.

ನ್ಯೂಯಾರ್ಕ್ ಮುಟ್ಟಿದಾಗ ಕ್ರಿಸ್‌ಮಸ್. ಅಲ್ಲಿ ಸೀಮೆನ್ಸ್ ಚರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಿದೆ. 1898ರಿಂದಲೂ ಊರೂರಿನ ಜನರಿಂದ ಉಣ್ಣೆಯ ಟೊಪ್ಪಿ, ಮಫ್ಲರ್ ಹೆಣಿಸಿ ಹಬ್ಬಕ್ಕೆ ಹಡಗಿನವರಿಗೆ ಹಂಚುತ್ತದೆ. ಜಾತಿ, ದೇಶ, ಹುದ್ದೆ ಏನೂ ಕೇಳುವುದಿಲ್ಲ. ನಮಗೂ ಪೊಟ್ಟಣ ಬಂತು. ನನ್ನದು ಬೂದು ಬಣ್ಣದ್ದು. ಯಾರೋ ಅಜ್ಜಿ ನೂಲು ಸಾಲದೆ ತುದಿಯ ನಾಲ್ಕು ಸುತ್ತು ಕಂದುಬಣ್ಣದಲ್ಲಿ ಮುಗಿಸಿದ್ದಳು. ಎಳೆದರೆ ಕಿವಿ ದಾಟಿ ಹುಬ್ಬಿನವರೆಗೆ ಇಳಿಯುತ್ತಿತ್ತು. ಕ್ಯಾಪ್ಟನ್ನರಿಂದ ಹಿಡಿದು ಅಡುಗೆಯ ಭಂಡಾರಿಯವರೆಗೆ ಎಲ್ಲರಿಗೂ ಅಂಥದ್ದೇ. ಸೆರಂಗ್ ತನ್ನದನ್ನು ತಿರುಗಿಸಿ ನೋಡಿ ಪೆಟ್ಟಿಗೆಗೆ ಹಾಕಿದ.

ಅಲ್ಲಿಂದ ಬಡಗಲಿಗೆ, ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ. ಎರಡನೇ ರಾತ್ರಿ ಗಾಳಿ ಎದ್ದಿತು. ಅಲೆ ಒಡೆದು ಎರಚಿದ ನೀರು ಬಿದ್ದಲ್ಲೇ ಹೆಪ್ಪುಗಟ್ಟಿತು. ಬೆರಳು ಗಾತ್ರದ ಉಕ್ಕಿನ ಹಗ್ಗಗಳು ಬಾಳೆದಿಂಡಿನಷ್ಟು ದಪ್ಪವಾದವು. ಅದು ಚಂದಕ್ಕೆ ನೋಡುವ ಮಂಜಲ್ಲ. ಮೇಲುಭಾರ ಹೆಚ್ಚಿದಂತೆ ಹಡಗು ಒಮ್ಮೆ ವಾಲಿದರೆ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ, ಇನ್ನೂ ಹೆಚ್ಚಿದರೆ ನೆಟ್ಟಗಾಗುವುದೇ ಇಲ್ಲ. ಕ್ಯಾಪ್ಟನ್ ವೇಗ ಇಳಿಸಿ, ಅಲೆಯ ಪೆಟ್ಟು ತಪ್ಪಿಸುವಂತೆ ಹಡಗು ತಿರುಗಿಸಿದರು. ಕೈಗೆ ಸಿಕ್ಕವರೆಲ್ಲ ಮರದ ಕೊಡತಿ ಹಿಡಿದು ಮುಂದಿನ ಡೆಕ್ಕಿಗೆ ಇಳಿದೆವು.

ಚೀಫ್ ಆಫೀಸರ್, ಖಲಾಸಿಗಳ ಬಾಯಲ್ಲಿ ಬಡಾ ಮಾಲಂ ಸಾಬ್, ಆ ಗಾಳಿಗೂ ಬಿಲ್ಲೆಯ ಟೊಪ್ಪಿ ಹಾಕಿಕೊಂಡೇ ಬಂದವರು. ಬಾಗಿಲು ದಾಟುವಷ್ಟರಲ್ಲಿ ಅದು ಅಟ್ಲಾಂಟಿಕ್ ಪಾಲಾಯಿತು. ಮರುಮಾತಾಡದೆ ಜೇಬಿನಿಂದ ನ್ಯೂಯಾರ್ಕಿನ ಉಣ್ಣೆ ಟೊಪ್ಪಿ ತೆಗೆದು ಕಿವಿಯವರೆಗೆ ಎಳೆದುಕೊಂಡರು. ಅಷ್ಟರಲ್ಲಿ ಸೆರಂಗನದೂ ಪೆಟ್ಟಿಗೆಯಿಂದ ಹೊರಬಂದಿತ್ತು. ಆಮೇಲೆ ಡೆಕ್ಕಿನ ಮೇಲೆ ಇದ್ದದ್ದು ಬರೀ ಉಣ್ಣೆಯ ತಲೆಗಳು ಮತ್ತು ಬಾಯಿಂದ ಏಳುವ ಹಬೆ.

ಆ ಗದ್ದಲದಲ್ಲೇ ಸೆರಂಗನ ದನಿ ಕೇಳಿಸಿತು, ಹಡಗಿನ ಹಿಂದೂಸ್ತಾನಿಯಲ್ಲಿ: “ಏ ಲಂಬೂ! ಅದು ಕೊಡತಿ, ಮಗುವಿನ ಗಿಲಕಿ ಅಲ್ಲ. ಎರಡೂ ಕೈಯಲ್ಲಿ ಹಿಡಿದು ಹೊಡೆ!” ಲಂಬೂ ತುಟಿಪಿಟಕ್ಕೆನ್ನದೆ ಎರಡೂ ಕೈಯಲ್ಲಿ ಹಿಡಿದು ಹೊಡೆಯತೊಡಗಿದ. ಆ ಎತ್ತರ ನಮ್ಮ ಹಡಗಿನಲ್ಲಿ ಒಬ್ಬರಿಗೇ ಇದ್ದದ್ದೆಂದು ನನಗೆ ಹೊಳೆಯಿತು. ನಾನು ತಲೆ ತಗ್ಗಿಸಿ ನನ್ನ ಪಾಲಿನ ಮಂಜು ಒಡೆದೆ.

ಬೆಳಗಿನ ಜಾವ ಗಾಳಿ ಇಳಿಯಿತು. ಚಹಾದ ಹೊತ್ತಿಗೆ ಸೆರಂಗ್ ಬಂದ. ಉಣ್ಣೆ ಟೊಪ್ಪಿ ಹಾಗೇ ಇತ್ತು, ಅದರ ಮೇಲೆ ಕೆಂಪು ಬಟ್ಟೆಯನ್ನು ಬಿಗಿಯಾಗಿ ಸುತ್ತಿದ್ದ.

ಬಡಾ ಮಾಲಂ ಮಗ್ಗು ಕೆಳಗಿಟ್ಟರು. “ಏನು ಸೆರಂಗ್, ರಾತ್ರಿ ನನಗೇ ಬೈದೆಯಂತೆ?”

ಸೆರಂಗ್ ಕೈ ಹಣೆಗೆ ಮುಟ್ಟಿಸಿದ. “ಮಾಫಿ ಸಾಹೇಬ್. ಆ ಟೊಪ್ಪಿಯಲ್ಲಿ ಗುರುತು ಸಿಗಲಿಲ್ಲ.” ಸ್ವಲ್ಪ ತಡೆದು ಸೇರಿಸಿದ: “ಸಿಕ್ಕಿದ್ದರೂ, ಕೊಡತಿಯನ್ನು ಹಾಗೆ ಹಿಡಿಯಬಾರದು.”